ಅಪ್‌ಡೇಟ್ ಆದಂದಿನಿಂದ ಪ್ರೆಸ್ಸಿನ ಕಂಪ್ಯೂಟರ್‌ಗಳು ಒಂದನ್ನೊಂದು ಒಳಗೆ ಬಿಡುತ್ತಿಲ್ಲ. ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಮತ್ತೆ ಮತ್ತೆ ಕೇಳುತ್ತವೆ

ಬೆಟಗೇರಿ ಪ್ರೆಸ್ಸಿನವಳು ಕೇಳಿದ್ದು:

ಗದಗ-ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಆಫ್‌ಸೆಟ್ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ಮಠದ ಪುಸ್ತಕ, ಕ್ಯಾಲೆಂಡರ್ ಎಲ್ಲವನ್ನೂ ಮಾಡುತ್ತೇವೆ. ದೀಪಾವಳಿ ಮುಗಿದಿದೆ, ತುಳಸಿ ಲಗ್ನ ಆಯಿತೆಂದರೆ ಲಗ್ನಪತ್ರಿಕೆಯವರ ಸಾಲು ಹತ್ತುತ್ತದೆ, ಜೊತೆಗೆ 2026ರ ಕ್ಯಾಲೆಂಡರ್ ಕೆಲಸ ಬೇರೆ. ಆದ್ದರಿಂದ "ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ" ಎಂದು ಬರೆಯಲು ಹೊರಟವರು ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ಆಗಿದೆ. ರೌಟರ್‌ನದೂ ಆಗಿದೆ.

ಪರಿಸ್ಥಿತಿ ಹೀಗಿದೆ. ನಾಲ್ಕು ಡೆಸ್ಕ್‌ಟಾಪ್‌ಗಳಿವೆ. ಮುಂದಿನ ಕೋಣೆಯ ಯಂತ್ರಕ್ಕೆ "ಮುಖ್ಯ" ಎಂದು ಹೆಸರಿಟ್ಟಿದ್ದೇವೆ. ಗಿರಾಕಿಗಳ ಎಲ್ಲ ಕೆಲಸಗಳೂ ಅದರಲ್ಲಿರುವ ಒಂದು ಹಂಚಿಕೆಯ ಫೋಲ್ಡರಿನಲ್ಲಿವೆ, ಟ್ಯಾಲಿ ಕೂಡ ಅದರಲ್ಲೇ ಇದೆ. ಒಳಗೆ ಡಿಸೈನ್ ಮಾಡುವ ಎರಡು ಯಂತ್ರಗಳು. ನಾಲ್ಕನೆಯದು ಡಿಜಿಟಲ್ ಪ್ರಿಂಟರ್ ಪಕ್ಕದಲ್ಲಿದೆ. ನಾಲ್ಕನ್ನೂ 2023ರಲ್ಲಿ ಒಬ್ಬರೇ ಮಾರಾಟಗಾರರಿಂದ ಒಟ್ಟಿಗೆ ತಂದದ್ದು, ನಾಲ್ಕರಲ್ಲೂ ವಿಂಡೋಸ್ 11 ಪ್ರೊ. ಇದಲ್ಲದೆ ನನ್ನದೊಂದು ಲ್ಯಾಪ್‌ಟಾಪ್ ಇದೆ, ಅದನ್ನು ಬೇರೆ ಕಡೆ ಕೊಂಡದ್ದು.

ಈಚೆಗೆ ಎಲ್ಲ ಯಂತ್ರಗಳಲ್ಲೂ ವಿಂಡೋಸ್ ಅಪ್‌ಡೇಟ್ ಆಯಿತು. ಮರುದಿನ ಬೆಳಿಗ್ಗೆ ಡಿಸೈನ್ ಯಂತ್ರದಿಂದ "ಮುಖ್ಯ"ದ ಫೋಲ್ಡರ್ ತೆರೆಯಲು ಹೋದರೆ ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಬಂತು. ಎರಡು ವರ್ಷಗಳಲ್ಲಿ ಅದು ಕೇಳಿದ್ದೇ ಇಲ್ಲ. ಕೊಟ್ಟೆವು. ತಪ್ಪು ಎಂದಿತು. ತಪ್ಪಲ್ಲ, ಏಕೆಂದರೆ ಅದೇ ಹೆಸರು, ಅದೇ ಪಾಸ್‌ವರ್ಡ್ ಬಳಸಿ "ಮುಖ್ಯ"ದ ಎದುರು ಕುಳಿತು ಒಳಗೆ ಹೋಗಬಹುದು. ಪಾಸ್‌ವರ್ಡ್ ಬದಲಾಯಿಸಿದೆವು, ಹೊಸದನ್ನೂ ಒಪ್ಪಲಿಲ್ಲ. ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಉಳಿಸಿಟ್ಟಿದ್ದ ಹಳೆಯ ಗುರುತುಗಳನ್ನೆಲ್ಲ ಅಳಿಸಿದೆವು, ಆದರೂ ಇಲ್ಲ. ಪಿಂಗ್ ಸರಿಯಾಗಿ ಹೋಗುತ್ತದೆ. "ಮುಖ್ಯ"ಕ್ಕೆ ಯುಎಸ್‌ಬಿಯಲ್ಲಿ ಜೋಡಿಸಿ ಹಂಚಿಕೊಂಡಿರುವ ಲೇಸರ್ ಪ್ರಿಂಟರ್‌ಗೂ ಇದೇ ಗತಿ.

ಈಗ ನನ್ನ ತಲೆ ಕೆಡಿಸಿರುವ ಸಂಗತಿ. ನನ್ನ ಲ್ಯಾಪ್‌ಟಾಪಿನಿಂದ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟರೆ "ಮುಖ್ಯ" ತಕರಾರಿಲ್ಲದೆ ತೆರೆದುಕೊಳ್ಳುತ್ತದೆ. ನನ್ನ ಮೊಬೈಲಿನ ಫೈಲ್ ಮ್ಯಾನೇಜರಿನಿಂದಲೂ ತೆರೆದುಕೊಳ್ಳುತ್ತದೆ. ಮೊಬೈಲನ್ನು ಒಳಗೆ ಬಿಡುವ ಯಂತ್ರ ಪಕ್ಕದ ಕೋಣೆಯ ತನ್ನದೇ ಜೊತೆಗಾರನನ್ನು ಏಕೆ ಬಿಡುವುದಿಲ್ಲ? ಸದ್ಯ ಹುಡುಗರು ಪೆನ್‌ಡ್ರೈವ್ ಹಿಡಿದು ಓಡಾಡುತ್ತಿದ್ದಾರೆ. ಒಂದೇ ಲಗ್ನಪತ್ರಿಕೆ ಎರಡು ಯಂತ್ರಗಳಲ್ಲಿ ಎರಡು ರೂಪದಲ್ಲಿ ಇದೆ. ಯಾವುದು ತಿದ್ದಿದ್ದು, ಯಾವುದು ತಿದ್ದದ್ದು ಎಂದು ಪ್ಲೇಟ್‌ಗೆ ಕಳುಹಿಸುವ ಹೊತ್ತಿಗೆ ತಿಳಿಯದಿದ್ದರೆ ವರನ ಅಜ್ಜನ ಹೆಸರಿಗೆ ನಾನೇ ಜವಾಬ್ದಾರಳಾಗುತ್ತೇನೆ.

ಸಾಗರದ ಸರ್ವಿಸಿನವ:

ಮೇಡಂ, ನಾನು ದಿನಾ ನೋಡುವ ಕಾರಣಗಳನ್ನು ಮೊದಲು ಹೇಳಿಬಿಡುತ್ತೇನೆ, ನಿಮಗೆ ಹೊಂದದಿದ್ದನ್ನು ಬಿಟ್ಟು ಮುಂದೆ ಹೋಗಿ.

ಹತ್ತರಲ್ಲಿ ಆರು ಮನೆಗಳಲ್ಲಿ ಜನ ಪಿನ್ ಅನ್ನೇ ಪಾಸ್‌ವರ್ಡ್ ಎಂದುಕೊಂಡಿರುತ್ತಾರೆ. ಯಂತ್ರದ ಎದುರು ಕುಳಿತು ಒತ್ತುವ ನಾಲ್ಕಂಕಿಯ ಪಿನ್ ಆ ಯಂತ್ರಕ್ಕೆ ಮಾತ್ರ ಸೇರಿದ್ದು, ನೆಟ್‌ವರ್ಕಿನಲ್ಲಿ ಅದು ನಡೆಯುವುದಿಲ್ಲ. ಖಾತೆ ಮೈಕ್ರೋಸಾಫ್ಟ್ ಖಾತೆಯಾಗಿದ್ದರೆ ಹೆಸರಿನ ಜಾಗದಲ್ಲಿ ಇಡೀ ಇ-ಮೇಲ್ ವಿಳಾಸ, ಪಾಸ್‌ವರ್ಡಿನ ಜಾಗದಲ್ಲಿ ಆ ಖಾತೆಯ ಪಾಸ್‌ವರ್ಡ್ ಕೊಡಬೇಕು. ಸ್ಥಳೀಯ ಖಾತೆಯಾಗಿದ್ದರೆ ಹೆಸರಿಗೆ ಮೊದಲು ಆ ಫೋಲ್ಡರ್ ಇರುವ ಯಂತ್ರದ ಹೆಸರು ಮತ್ತು ಹಿಂಬದಿಗೆ ವಾಲಿದ ಗೆರೆ ಸೇರಿಸಿ ಬರೆಯಿರಿ. ಇಲ್ಲವಾದರೆ ನೀವು ಕುಳಿತ ಯಂತ್ರ ತನ್ನದೇ ಖಾತೆಯನ್ನು ಹುಡುಕುತ್ತಿರಬಹುದು. ಪಾಸ್‌ವರ್ಡೇ ಇಲ್ಲದ ಖಾತೆಯನ್ನು ವಿಂಡೋಸ್ ನೆಟ್‌ವರ್ಕ್ ಮೂಲಕ ಒಳಗೆ ಬಿಡುವುದಿಲ್ಲ, ಅದು ಹಳೆಯ ನಿಯಮ.

ಇನ್ನೊಂದು, ವಿಂಡೋಸ್ 11ರ 24ಎಚ್2 ಆವೃತ್ತಿಗೆ ಬಂದ ಮೇಲೆ ಪ್ರೊದಲ್ಲಿ ಎರಡು ಸಂಗತಿಗಳು ಬದಲಾಗಿವೆ. ಅತಿಥಿಯಾಗಿ, ಅಂದರೆ ಹೆಸರಿಲ್ಲದೆ, ಹಂಚಿಕೆಯ ಫೋಲ್ಡರ್ ತೆರೆಯುವುದು ನಿಂತಿದೆ. ಎಸ್‌ಎಂಬಿ, ಅಂದರೆ ಫೋಲ್ಡರ್ ಹಂಚಿಕೊಳ್ಳುವ ಸಂಪರ್ಕಕ್ಕೆ ಡಿಜಿಟಲ್ ಸಹಿ ಕಡ್ಡಾಯವಾಗಿದೆ. ಫೈಲು ಇಡಲು ನೆಟ್‌ವರ್ಕಿಗೆ ಜೋಡಿಸುವ ಹಳೆಯ ನ್ಯಾಸ್ ಪೆಟ್ಟಿಗೆ ಇಟ್ಟುಕೊಂಡವರಿಗೆಲ್ಲ ಇದರಿಂದ ತೊಂದರೆಯಾಯಿತು. ಯಾರಾದರೂ ನಿಮಗೆ ರಿಜಿಸ್ಟ್ರಿಯಲ್ಲಿ ಅತಿಥಿ ಪ್ರವೇಶ ತೆರೆಯಿರಿ ಎಂದು ಹೇಳಬಹುದು. ನೀವು ಹೆಸರು, ಪಾಸ್‌ವರ್ಡ್ ಎರಡನ್ನೂ ಕೊಡುತ್ತಿದ್ದೀರಿ, ಆದ್ದರಿಂದ ಅದು ನಿಮಗೆ ಸಂಬಂಧಿಸಿದ್ದಲ್ಲ, ಮಾಡಬೇಡಿ. ನೆಟ್‌ವರ್ಕ್ "ಖಾಸಗಿ" ಎಂದಿದೆಯೇ, ನಾಲ್ಕೂ ಯಂತ್ರಗಳ ಗಡಿಯಾರ ಸರಿಯಾಗಿದೆಯೇ ಎಂದೂ ಒಮ್ಮೆ ನೋಡಿ.

ಬೆಟಗೇರಿ ಪ್ರೆಸ್ಸಿನವಳು:

ಧನ್ಯವಾದ. ಸ್ಥಳೀಯ ಖಾತೆಗಳು, ಪಿನ್ ಇಲ್ಲ, ಪಾಸ್‌ವರ್ಡ್ ಇದೆ. ಯಂತ್ರದ ಹೆಸರು ಸೇರಿಸಿ ಬರೆದದ್ದಾಯಿತು. ನೆಟ್‌ವರ್ಕ್ ಖಾಸಗಿ. ಗಡಿಯಾರ ಸರಿಯಿದೆ, ನಮ್ಮ ಮಾವನವರ ಗೋಡೆ ಗಡಿಯಾರಕ್ಕಿಂತ ಸರಿಯಿದೆ.

ಇನ್ನೊಂದು ಪರೀಕ್ಷೆ ಮಾಡಿದೆ. ಒಂದು ಡಿಸೈನ್ ಯಂತ್ರದಲ್ಲಿ ಹೊಸ ಫೋಲ್ಡರ್ ಮಾಡಿ ಹಂಚಿದೆ. ಇನ್ನೊಂದು ಡಿಸೈನ್ ಯಂತ್ರದಿಂದ ತೆರೆಯಲಿಲ್ಲ, "ಮುಖ್ಯ"ದಿಂದಲೂ ತೆರೆಯಲಿಲ್ಲ, ನನ್ನ ಲ್ಯಾಪ್‌ಟಾಪಿನಿಂದ ತೆರೆಯಿತು. ಲ್ಯಾಪ್‌ಟಾಪಿನಲ್ಲಿ ಫೋಲ್ಡರ್ ಹಂಚಿದರೆ ನಾಲ್ಕೂ ಯಂತ್ರಗಳು ಬಂದು ತೆರೆಯುತ್ತವೆ. ಅಂದರೆ ಕೆಟ್ಟಿರುವುದು "ಮುಖ್ಯ" ಅಲ್ಲ. ಈ ನಾಲ್ಕರ ನಡುವೆಯೇ ಏನೋ ಜಗಳವಿದೆ.

ಲ್ಯಾಬ್ ಮೇಲ್ವಿಚಾರಕ, ಹುಬ್ಬಳ್ಳಿ:

ನಿಮ್ಮ ಕೊನೆಯ ಸಾಲಿನಲ್ಲೇ ಉತ್ತರವಿದೆ. ಕಾಲೇಜಿನ ಲ್ಯಾಬಿನಲ್ಲಿ ನಾನು ಇದೇ ಆಟ ನೋಡಿದ್ದೇನೆ. ಒಟ್ಟಿಗೆ ಬಂದ ಯಂತ್ರಗಳು ತಮ್ಮತಮ್ಮಲ್ಲಿ ಮಾತ್ರ ಬಾಗಿಲು ಹಾಕಿಕೊಂಡು, ಹೊರಗಿನವರನ್ನು ಬಿಟ್ಟುಕೊಂಡರೆ ಅನುಮಾನಿಸಬೇಕಾದದ್ದು ಒಂದನ್ನೇ. ಆದರೆ ಊಹೆಯ ಮೇಲೆ ನಿಮ್ಮ ಕೆಲಸದ ಯಂತ್ರಗಳನ್ನು ಬಿಚ್ಚಿಸುವುದು ಬೇಡ, ಮೂರು ವಿಷಯ ನೋಡಿ ಹೇಳಿ.

ಒಂದು. ನಾಲ್ಕೂ ಯಂತ್ರಗಳಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಹೂ, ಆಮ್, ಐ ಎಂಬ ಮೂರು ಇಂಗ್ಲಿಷ್ ಪದಗಳನ್ನು ಜಾಗ ಬಿಡದೆ ಅಂಟಿಸಿ ಬರೆದು, ಆಮೇಲೆ ಒಂದು ಜಾಗ ಬಿಟ್ಟು, ಸ್ಲ್ಯಾಶ್ ಹಾಕಿ, ಅದಕ್ಕೆ ಅಂಟಿಸಿ ಯೂಸರ್ ಎಂದು ಬರೆದು ಎಂಟರ್ ಒತ್ತಿ. ಎಸ್-1-5-21 ಎಂದು ಆರಂಭವಾಗುವ ಉದ್ದನೆಯ ಸಂಖ್ಯೆ ಬರುತ್ತದೆ. 21ರ ನಂತರ ಮೂರು ದೊಡ್ಡ ಸಂಖ್ಯೆಗಳು, ಕೊನೆಯಲ್ಲಿ 1001 ಎಂಬಂಥ ಚಿಕ್ಕದೊಂದು. ಕೊನೆಯದನ್ನು ಬಿಡಿ, ಅದು ಬಳಕೆದಾರರ ಕ್ರಮಸಂಖ್ಯೆ. ಮಧ್ಯದ ಮೂರನ್ನು ಯಂತ್ರದಿಂದ ಯಂತ್ರಕ್ಕೆ ಹೋಲಿಸಿ. ಲ್ಯಾಪ್‌ಟಾಪಿನದನ್ನೂ ಬರೆದುಕೊಳ್ಳಿ.

ಎರಡು. "ಮುಖ್ಯ"ದಲ್ಲಿ ಇವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಂ ಎಂಬಲ್ಲಿ ಎಲ್‌ಎಸ್‌ಎ-ಸರ್ವ್ ಹೆಸರಿನಲ್ಲಿ 6167 ಸಂಖ್ಯೆಯ ದಾಖಲೆ ಇದೆಯೇ ನೋಡಿ. ಡಿಸೈನ್ ಯಂತ್ರದಲ್ಲೂ ನೋಡಿ.

ಮೂರು. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್, ಅದರಲ್ಲಿ ಅಪ್‌ಡೇಟ್ ಇತಿಹಾಸ. ಯಾವ ತಿಂಗಳಿನವು ಕುಳಿತಿವೆ?

ಬೆಟಗೇರಿ ಪ್ರೆಸ್ಸಿನವಳು:

ನೋಡಿದೆ. ನಾಲ್ಕು ಯಂತ್ರಗಳದನ್ನೂ ಒಂದೇ ಹಾಳೆಯಲ್ಲಿ ಒಂದರ ಕೆಳಗೊಂದು ಬರೆದು ಪ್ರೂಫ್ ನೋಡುವ ಹಾಗೆ ಬೆರಳಿಟ್ಟು ಓದಿದೆ. ಒಂದಂಕಿಯೂ ಬೇರೆ ಇಲ್ಲ. ಕೊನೆಯ 1001 ಕೂಡ ಒಂದೇ. ಲ್ಯಾಪ್‌ಟಾಪಿನದು ಪೂರ್ತಿ ಬೇರೆ.

6167 ಇದೆ. ಸಾಲುಸಾಲಾಗಿ ಇದೆ, ನಾವು ಪಾಸ್‌ವರ್ಡ್ ಕೊಟ್ಟ ಪ್ರತಿ ಸಲವೂ ಒಂದು ಬಿದ್ದಂತೆ ಕಾಣುತ್ತದೆ. ಯಂತ್ರದ ಗುರುತು ಭಾಗಶಃ ಹೊಂದುತ್ತಿಲ್ಲ, ಟಿಕೆಟನ್ನು ಯಾರೋ ತಿದ್ದಿದ್ದಾರೆ ಅಥವಾ ಅದು ಬೇರೆ ಬೂಟ್‌ಗೆ ಸೇರಿದ್ದು ಎಂಬ ಅರ್ಥದ ಇಂಗ್ಲಿಷ್ ಮಾತು ಬರೆದಿದೆ. ಓದಿ ಹೆದರಿಕೆಯಾಯಿತು. ಯಾರಾದರೂ ಒಳಗೆ ನುಗ್ಗಿದ್ದಾರೆಯೇ?

ಅಪ್‌ಡೇಟ್ ಸೆಪ್ಟೆಂಬರ್ ತಿಂಗಳಿನದಿದೆ, ಕೆಬಿ5065426. ಅಕ್ಟೋಬರ್ ತಿಂಗಳಿನದೂ ಅದರ ಮೇಲೆ ಕುಳಿತಿದೆ. ನಡುವೆ ಕೆಲವು ವಾರ ಹುಡುಗರು ಅಪ್‌ಡೇಟನ್ನು ಮುಂದೂಡಿ ಇಟ್ಟಿದ್ದರಂತೆ, ಆಮೇಲೆ ಎಲ್ಲವೂ ಒಟ್ಟಿಗೆ ಇಳಿದಿವೆ.

ಲ್ಯಾಬ್ ಮೇಲ್ವಿಚಾರಕ, ಹುಬ್ಬಳ್ಳಿ:

ಯಾರೂ ನುಗ್ಗಿಲ್ಲ, ನೆಮ್ಮದಿಯಿಂದಿರಿ. ನಿಮ್ಮ ಮಾರಾಟಗಾರರು ಒಂದು ಯಂತ್ರದಲ್ಲಿ ವಿಂಡೋಸ್ ಹಾಕಿ, ಚಾಲಕಗಳು, ಫಾಂಟ್‌ಗಳು ಎಲ್ಲವನ್ನೂ ತುಂಬಿ, ಆ ಡಿಸ್ಕನ್ನು ಹಾಗೆಯೇ ಉಳಿದ ಮೂರಕ್ಕೆ ನಕಲು ಇಳಿಸಿದ್ದಾರೆ. ಕ್ಲೋನ್ ಮಾಡುವುದು ತಪ್ಪಲ್ಲ, ನಾವೂ ಲ್ಯಾಬಿನಲ್ಲಿ ಮಾಡುತ್ತೇವೆ. ಆದರೆ ನಕಲು ತೆಗೆಯುವ ಮೊದಲು ಸಿಸ್‌ಪ್ರೆಪ್ ಎಂಬ ಸಲಕರಣೆಯನ್ನು "ಜನರಲೈಸ್" ಆಯ್ಕೆಯೊಂದಿಗೆ ಓಡಿಸಬೇಕು. ಅದು ಯಂತ್ರದ ಸ್ವಂತ ಗುರುತನ್ನು ಕಳಚಿ, ಮುಂದಿನ ಸಲ ಆನ್ ಆದಾಗ ಹೊಸದನ್ನು ಹುಟ್ಟಿಸುತ್ತದೆ. ಅದು ವಿಂಡೋಸ್ ಜೊತೆಯಲ್ಲೇ ಬರುತ್ತದೆ, ಸಿಸ್ಟಂ32 ಫೋಲ್ಡರಿನೊಳಗೆ ಕುಳಿತಿರುತ್ತದೆ, ದುಡ್ಡು ಕೊಡಬೇಕಾಗಿಲ್ಲ. ನಿಮ್ಮವರು ಅಷ್ಟು ಮಾಡಿಲ್ಲ.

ಆ ಗುರುತಿನ ಹೆಸರೇ ಎಸ್‌ಐಡಿ. ನೀವು ಹೋಲಿಸಿದ ಆ ಮೂರು ದೊಡ್ಡ ಸಂಖ್ಯೆಗಳು. ನಂಬರಿಂಗ್ ಮಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ: ನಾಲ್ಕು ಅಂಗಡಿಗೆ ನಾಲ್ಕು ಬಿಲ್ ಪುಸ್ತಕ ಮಾಡಿ, ನಾಲ್ಕಕ್ಕೂ ಒಂದೇ ಸರಣಿಯ ನಂಬರ್ ಹೊಡೆದಂತಾಗಿದೆ. ಬಿಲ್ಲುಗಳನ್ನು ಯಾರೂ ಒಟ್ಟಿಗೆ ಇಟ್ಟು ನೋಡದಿರುವ ತನಕ ವ್ಯಾಪಾರ ನಡೆಯುತ್ತಿತ್ತು.

ಈಗ ನೋಡಲು ಶುರುಮಾಡಿದ್ದಾರೆ. 2025ರ ಆಗಸ್ಟ್ 29ರಂದು ಬಂದ ಕೆಬಿ5064081 ಎಂಬ ಪೂರ್ವಭಾವಿ ಅಪ್‌ಡೇಟ್, ಸೆಪ್ಟೆಂಬರ್ 9ರ ಕೆಬಿ5065426, ಮತ್ತು ಅವುಗಳ ನಂತರದ ಎಲ್ಲದರಲ್ಲೂ ಎಸ್‌ಐಡಿ ಪರಿಶೀಲನೆ ಬಿಗಿಯಾಗಿದೆ. ಒಂದೇ ಎಸ್‌ಐಡಿ ಇರುವ ಎರಡು ಯಂತ್ರಗಳು ಒಂದಕ್ಕೊಂದು ಗುರುತು ಹೇಳಲು ಹೋದರೆ, ಗುರುತು ಪರೀಕ್ಷಿಸುವ ವಿಧಾನ ಕೆರ್ಬೆರೋಸ್ ಆಗಲಿ ಎನ್‌ಟಿಎಲ್‌ಎಂ ಆಗಲಿ, ಕೈಕುಲುಕುವ ಹಂತದಲ್ಲೇ ತಡೆಯಲಾಗುತ್ತದೆ. ಪಾಸ್‌ವರ್ಡ್ ಸರಿಯಿದ್ದರೂ ಅಷ್ಟೇ. ಆದರೆ ತೆರೆಯ ಮೇಲೆ ಬರುವುದು ಮಾತ್ರ ಅದೇ ಹಳೆಯ "ಹೆಸರು ಅಥವಾ ಪಾಸ್‌ವರ್ಡ್ ತಪ್ಪು" ಎಂಬ ಮಾತು, ಅದಕ್ಕೇ ಜನ ವಾರಗಟ್ಟಲೆ ಪಾಸ್‌ವರ್ಡ್ ಬದಲಾಯಿಸುತ್ತ ಕೂರುತ್ತಾರೆ. ಇದು ವಿಂಡೋಸ್ 11ರ 24ಎಚ್2, 25ಎಚ್2 ಮತ್ತು ವಿಂಡೋಸ್ ಸರ್ವರ್ 2025ಕ್ಕೆ ಅನ್ವಯಿಸುತ್ತದೆ. ಇದು ಬೇಕೆಂದೇ ಮಾಡಿದ ಬದಲಾವಣೆ ಎಂದು ಮೈಕ್ರೋಸಾಫ್ಟ್ ತನ್ನ ಪುಟದಲ್ಲಿ ಹೇಳಿದೆ. ಆದ್ದರಿಂದ ಮುಂದಿನ ತಿಂಗಳ ಅಪ್‌ಡೇಟಿನಲ್ಲಿ ತಾನೇ ಸರಿಹೋಗುತ್ತದೆ ಎಂದು ಕಾಯಬೇಡಿ.

ನಿಮ್ಮ ಮೊಬೈಲ್ ಒಳಗೆ ಹೋದದ್ದೂ ಇದರಿಂದಲೇ. ಅದರ ಬಳಿ ಈ ನಕಲಿ ಗುರುತು ಇಲ್ಲ.

ಹಳೆಯ ಕೈ:

ಮೂವತ್ತು ವರ್ಷದಿಂದ ಈ ಕಸುಬಿನಲ್ಲಿದ್ದೇನೆ. ಎಸ್‌ಐಡಿ ಒಂದೇ ಇದ್ದರೆ ಏನೂ ಆಗುವುದಿಲ್ಲ ಎಂದು ಸಿಸ್‌ಇಂಟರ್ನಲ್ಸ್ ಎಂಬ ವಿಂಡೋಸ್ ಸಲಕರಣೆಗಳ ಕಟ್ಟು ಕಟ್ಟಿದ ಮಾರ್ಕ್ ರುಸಿನೋವಿಚ್ ಅವರೇ 2009ರಲ್ಲಿ ಬರೆದಿದ್ದಾರೆ. ತಾವೇ ಮಾಡಿದ್ದ ನ್ಯೂಎಸ್‌ಐಡಿ ಎಂಬ ಸಲಕರಣೆಯನ್ನು ಆಗಲೇ ಹಿಂತೆಗೆದುಕೊಂಡರು. ಆ ಮಾರಾಟಗಾರನನ್ನು ಬೈಯುವುದು ಸುಲಭ, ಆದರೆ ಹದಿನೈದು ವರ್ಷ ಇಡೀ ಮಾರುಕಟ್ಟೆ ಹೀಗೆಯೇ ನಡೆದಿದೆ. ನನ್ನ ಸಲಹೆ, ಅಪ್‌ಡೇಟನ್ನು ತೆಗೆದುಹಾಕಿ, ಅಪ್‌ಡೇಟ್ ನಿಲ್ಲಿಸಿ, ಕ್ಯಾಲೆಂಡರ್ ಮುಗಿಸಿ. ಇಲ್ಲವಾದರೆ ಎಸ್‌ಐಡಿ ಬದಲಾಯಿಸುವ ಸಣ್ಣ ತಂತ್ರಾಂಶಗಳು ಸಿಗುತ್ತವೆ, ಐದು ನಿಮಿಷದ ಕೆಲಸ.

ಲ್ಯಾಬ್ ಮೇಲ್ವಿಚಾರಕ, ಹುಬ್ಬಳ್ಳಿ:

ಸರ್, ರುಸಿನೋವಿಚ್ ಬರೆದದ್ದು ನಿಜ, ಅಂದಿನ ವಿಂಡೋಸ್‌ಗೆ ಅದು ಸರಿಯೂ ಆಗಿತ್ತು. ಆದರೆ ಸಿಸ್‌ಪ್ರೆಪ್ ಇಲ್ಲದ ನಕಲಿಗೆ ಬೆಂಬಲ ಕೊಡುತ್ತೇವೆ ಎಂದು ಮೈಕ್ರೋಸಾಫ್ಟ್ ಆಗಲೂ ಹೇಳಿರಲಿಲ್ಲ, ಅದೇ ಬರಹದಲ್ಲಿ ಅದೂ ಇದೆ. ಜನ ತಮಗೆ ಬೇಕಾದ ಅರ್ಧ ಮಾತ್ರ ಓದಿಕೊಂಡರು.

ಅಪ್‌ಡೇಟ್ ತೆಗೆಯುವುದು: ಪ್ರತಿ ತಿಂಗಳಿನದೂ ಹಿಂದಿನದನ್ನು ಹೊತ್ತುಕೊಂಡೇ ಬರುತ್ತದೆ. ಇವತ್ತು ತೆಗೆದರೆ ಮುಂದಿನ ತಿಂಗಳು ಮತ್ತೆ ಅದೇ. ಬಾರದಂತೆ ಶಾಶ್ವತವಾಗಿ ತಡೆದರೆ ದಿನಕ್ಕೆ ಹತ್ತು ಗಿರಾಕಿಗಳ ಪೆನ್‌ಡ್ರೈವ್ ಚುಚ್ಚಿಸಿಕೊಳ್ಳುವ ಪ್ರೆಸ್ಸಿನ ಯಂತ್ರಕ್ಕೆ ಭದ್ರತೆಯ ತೇಪೆಗಳೇ ಇರುವುದಿಲ್ಲ. ಬೇರೆ ಯಾವ ಕಚೇರಿಗಾದರೂ ಈ ಸಲಹೆ ಕೊಟ್ಟರೆ ಸುಮ್ಮನಿರುತ್ತಿದ್ದೆ, ಪ್ರೆಸ್ಸಿಗೆ ಬೇಡ. ಈ ಪರಿಶೀಲನೆಯನ್ನು ತಾತ್ಕಾಲಿಕವಾಗಿ ತಗ್ಗಿಸುವ ಒಂದು ವಿಶೇಷ ಗ್ರೂಪ್ ಪಾಲಿಸಿ ಇದೆ, ಮೈಕ್ರೋಸಾಫ್ಟ್ ಬೆಂಬಲ ವಿಭಾಗವನ್ನು ಸಂಪರ್ಕಿಸಿ ಪಡೆಯಬೇಕು. ನೂರಾರು ಯಂತ್ರಗಳಿರುವ ಸಂಸ್ಥೆಗಳಿಗೆ ಉಸಿರಾಡಲು ಸಮಯ ಸಿಗಲಿ ಎಂದು ಅದು. ನಾಲ್ಕು ಯಂತ್ರಗಳಿಗೆ ಅಷ್ಟು ದೂರ ಹೋಗುವುದಕ್ಕಿಂತ ಬೇರು ಕಿತ್ತು ಸರಿಪಡಿಸುವುದೇ ಬೇಗ.

ಎಸ್‌ಐಡಿ ಬದಲಾಯಿಸುವ ತಂತ್ರಾಂಶಗಳು: ಆ ಸಂಖ್ಯೆ ರಿಜಿಸ್ಟ್ರಿಯಲ್ಲಿದೆ, ಪ್ರತಿ ಫೈಲಿನ ಅನುಮತಿಪಟ್ಟಿಯಲ್ಲಿದೆ, ಪ್ರೊಫೈಲಿನಲ್ಲಿದೆ. ಯಾರೋ ಬರೆದ ತಂತ್ರಾಂಶ ಎಲ್ಲ ಕಡೆಯೂ ಹುಡುಕಿ ಬದಲಾಯಿಸುತ್ತದೆ ಎಂದು ನಂಬಿ ಲಗ್ನದ ಹಂಗಾಮಿನಲ್ಲಿ ನಾನಂತೂ ಕೈಹಾಕುವುದಿಲ್ಲ.

ಹಳೆಯ ಕೈ:

ಪೆನ್‌ಡ್ರೈವಿನ ಮಾತು ಒಪ್ಪಿದೆ. ಉಳಿದದ್ದು ಅವರವರ ಧೈರ್ಯ.

ಬೆಟಗೇರಿ ಪ್ರೆಸ್ಸಿನವಳು:

ಇಬ್ಬರಿಗೂ ನಮಸ್ಕಾರ. ಹಳೆಯ ಬಿಲ್ಲನ್ನು ಕಪಾಟಿನಿಂದ ತೆಗೆದು ನೋಡಿದೆ. ವಿಂಡೋಸ್ ಇನ್‌ಸ್ಟಲೇಶನ್ ಎಂದು ಪ್ರತಿ ಯಂತ್ರಕ್ಕೂ ಬೇರೆಬೇರೆ ಹಣ ಹಾಕಿದ್ದಾರೆ. ನಾಲ್ಕಕ್ಕೆ ಕೊಟ್ಟಿದ್ದೇವೆ, ಅವರು ಮಾಡಿದ್ದು ಒಂದು. ಫೋನ್ ಮಾಡಿದರೆ "ಎಲ್ಲರೂ ಹೀಗೇ ಮಾಡುತ್ತಾರೆ ಅಕ್ಕಾ" ಎಂಬ ಉತ್ತರ. ನಾನು ಸಾವಿರ ಪ್ರತಿಗೆ ದುಡ್ಡು ತೆಗೆದುಕೊಂಡು ಇನ್ನೂರೈವತ್ತು ಮುದ್ರಿಸಿ ಕೊಟ್ಟು ಎಲ್ಲರೂ ಹೀಗೇ ಮಾಡುತ್ತಾರೆ ಎಂದರೆ ಅವರು ಸುಮ್ಮನಿರುತ್ತಿದ್ದರೇ?

ಅದಿರಲಿ. ನಾಲ್ಕೂ ಯಂತ್ರಗಳನ್ನು ಹೊಸದಾಗಿ ಮಾಡಲು ನನಗೆ ಆಗುವುದಿಲ್ಲ. "ಮುಖ್ಯ"ದಲ್ಲಿ ಟ್ಯಾಲಿ ಇದೆ, ಹತ್ತು ವರ್ಷದ ಕೆಲಸಗಳಿವೆ. ಅದನ್ನು ಮುಟ್ಟಿದರೆ ಮಾವನವರು ಮತ್ತೆ ಅಚ್ಚುಮೊಳೆ ಜೋಡಿಸಲು ಕುಳಿತುಬಿಡುತ್ತಾರೆ, ಅವರ ಕೇಸ್‌ಗಳು ಇನ್ನೂ ಅಟ್ಟದ ಮೇಲಿವೆ. ಸಿಸ್‌ಪ್ರೆಪ್ ಈಗ ಓಡಿಸಿದರೆ ಸಾಲದೇ? ಮತ್ತೆ ಇವತ್ತು, ನಾಳೆ ಕೆಲಸ ನಡೆಯುವುದು ಹೇಗೆ?

ಲ್ಯಾಬ್ ಮೇಲ್ವಿಚಾರಕ, ಹುಬ್ಬಳ್ಳಿ:

"ಮುಖ್ಯ"ವನ್ನು ಮುಟ್ಟುವ ಅಗತ್ಯವೇ ಇಲ್ಲ. ತೊಂದರೆ ಇರುವುದು ಆ ಎಸ್‌ಐಡಿಯಲ್ಲಲ್ಲ, ಅದು ನಾಲ್ಕು ಕಡೆ ಇರುವುದರಲ್ಲಿ. ಒಬ್ಬರು ಅದನ್ನು ಇಟ್ಟುಕೊಳ್ಳಬಹುದು, ಉಳಿದ ಮೂವರು ಬೇರೆ ಮಾಡಿಕೊಳ್ಳಬೇಕು. ಹಾಗಾಗಿ ಡಿಸೈನ್ ಎರಡು ಮತ್ತು ಡಿಜಿಟಲ್ ಪ್ರಿಂಟರ್ ಪಕ್ಕದ್ದು, ಇವಿಷ್ಟೇ ಕೆಲಸ. ಒಂದೊಂದನ್ನು ಮಾಡಿದಂತೆ ಅದು ಆ ಕ್ಷಣದಿಂದ "ಮುಖ್ಯ"ದ ಜೊತೆ ಮಾತಾಡುತ್ತದೆ, ಮೂರೂ ಮುಗಿಯಲಿ ಎಂದು ಕಾಯಬೇಕಿಲ್ಲ.

ಇವತ್ತಿಗೆ: ನಿಮ್ಮ ಲ್ಯಾಪ್‌ಟಾಪ್ ಎಲ್ಲರಿಗೂ ತೆರೆಯುತ್ತದೆ ಎಂದಿರಿ. ನಡೆಯುತ್ತಿರುವ ಕೆಲಸಗಳನ್ನು ಮಾತ್ರ ಅದರ ಮೇಲೆ ಒಂದು ಫೋಲ್ಡರಿಗೆ ತಂದು ಹಂಚಿ, ನಾಲ್ವರೂ ಅಲ್ಲಿಂದಲೇ ತೆರೆಯಲಿ, ಅಲ್ಲಿಗೇ ಉಳಿಸಲಿ. ಲ್ಯಾಪ್‌ಟಾಪ್ ಮಲಗದಂತೆ ಪವರ್ ಸೆಟ್ಟಿಂಗ್ ಬದಲಾಯಿಸಿ, ವೈಫೈ ಬದಲು ಕೇಬಲ್ ಹಾಕಿ. ಲಗ್ನಪತ್ರಿಕೆ ಎರಡು ರೂಪ ತಾಳುವುದು ನಿಲ್ಲುತ್ತದೆ.

ಸಿಸ್‌ಪ್ರೆಪ್ ಇರುವುದು ಯಂತ್ರ ಬಳಕೆಗೆ ಬರುವ ಮೊದಲು ಓಡಿಸಲು. ಎರಡು ವರ್ಷ ಬಳಸಿದ ಯಂತ್ರದಲ್ಲಿ ಅದು ಸಾಮಾನ್ಯವಾಗಿ ಅರ್ಧದಲ್ಲೇ ನಿಲ್ಲುತ್ತದೆ, ಬಳಕೆದಾರರು ಸ್ಟೋರಿನಿಂದ ಹಾಕಿಕೊಂಡ ಯಾವುದೋ ಆ್ಯಪ್ ಎಲ್ಲರಿಗೂ ಇಲ್ಲ ಎಂದು ತಕರಾರು ತೆಗೆಯುತ್ತದೆ. ಡಿಸ್ಕನ್ನು ಗೂಢಲಿಪಿಗೆ ತಿರುಗಿಸುವ ಬಿಟ್‌ಲಾಕರ್ ಆನ್ ಇದ್ದರೆ ಶುರುವೇ ಆಗುವುದಿಲ್ಲ. ಅದರ ಬೆನ್ನು ಹತ್ತಿ ಒಂದು ದಿನ ಕಳೆಯುವ ಬದಲು ಯುಎಸ್‌ಬಿಯಿಂದ ಹೊಸದಾಗಿ ವಿಂಡೋಸ್ ಹಾಕಿ. ಮೈಕ್ರೋಸಾಫ್ಟ್ ತಾಣದ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ ಆ ಯುಎಸ್‌ಬಿ ಮಾಡಿಕೊಳ್ಳಿ. ಇರುವ ವಿಂಡೋಸ್ ಮೇಲೆಯೇ ರಿಪೇರಿ ಇನ್‌ಸ್ಟಾಲ್ ಓಡಿಸಿದರೆ ಉಪಯೋಗವಿಲ್ಲ, ಎಸ್‌ಐಡಿ ಹಾಗೆಯೇ ಉಳಿಯುತ್ತದೆ. ಯುಎಸ್‌ಬಿಯಿಂದ ಬೂಟ್ ಮಾಡಿ, ಸಿ ಡ್ರೈವನ್ನು ಅಳಿಸಿ ಹಾಕಬೇಕು. ಅದಕ್ಕೂ ಮೊದಲು ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟ ನೋಡಿ. ಡಿಜಿಟಲ್ ಲೈಸೆನ್ಸ್ ಎಂದಿದ್ದರೆ ಅದೇ ಯಂತ್ರದಲ್ಲಿ ಮತ್ತೆ ಹಾಕಿದಾಗ ತಾನಾಗಿ ಚಾಲೂ ಆಗುತ್ತದೆ. ಬೇರೇನಾದರೂ ಇದ್ದರೆ ಮಾರಾಟಗಾರರಿಗೆ ಇನ್ನೊಂದು ಫೋನ್ ಮಾಡುವ ಕಾರಣ ಸಿಕ್ಕಂತಾಯಿತು.

ಸಾಗರದ ಸರ್ವಿಸಿನವ:

ಮೇಡಂ, ಪ್ರೆಸ್ಸಿನ ಯಂತ್ರ ಅಳಿಸುವ ಮೊದಲು ಏನೇನು ಎತ್ತಿಟ್ಟುಕೊಳ್ಳಬೇಕು ಎಂದು ನಾನು ಹೇಳುತ್ತೇನೆ, ಇದನ್ನು ಲ್ಯಾಬಿನವರಿಗಿಂತ ನಾನು ಹೆಚ್ಚು ಮಾಡಿದ್ದೇನೆ.

ಮೊದಲು ಫಾಂಟ್‌ಗಳು. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ಗಳಲ್ಲಿ ಕಟ್ಟಿದ ಕೆಲಸಗಳು ನಿಮ್ಮ ಬಳಿ ರಾಶಿ ಇರುತ್ತವೆ. ಅದೇ ಫಾಂಟ್ ಸಿಗದಿದ್ದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಎಲ್ಲರಿಗೂ ಗೊತ್ತು. ಆದರೆ ಬಳಕೆದಾರರೊಬ್ಬರಿಗೆ ಮಾತ್ರ ಎಂದು ಹಾಕಿದ ಫಾಂಟ್‌ಗಳು ಅಲ್ಲಿರುವುದಿಲ್ಲ. ಅವು ಬಳಕೆದಾರರ ಫೋಲ್ಡರಿನಲ್ಲಿ ಆ್ಯಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್ ಎಂದು ಒಳಗೊಳಗೆ ಅಡಗಿರುತ್ತವೆ. ಹುಡುಗರು ಫಾಂಟಿನ ಮೇಲೆ ಎರಡು ಸಲ ಒತ್ತಿ "ಇನ್‌ಸ್ಟಾಲ್" ಎಂದಾಗ ಹೋಗುವುದು ಅಲ್ಲಿಗೇ. ಎರಡೂ ಫೋಲ್ಡರ್‌ಗಳನ್ನು ನಕಲು ಮಾಡಿ.

ಆಮೇಲೆ ಬಣ್ಣದ ಪ್ರೊಫೈಲ್‌ಗಳು. ಡಿಜಿಟಲ್ ಪ್ರಿಂಟರಿಗೆ ಯಾರಾದರೂ ಐಸಿಸಿ ಪ್ರೊಫೈಲ್ ಮಾಡಿಕೊಟ್ಟಿದ್ದರೆ ಅವು ಸಿಸ್ಟಂ32, ಸ್ಪೂಲ್, ಡ್ರೈವರ್ಸ್, ಕಲರ್ ಎಂಬಲ್ಲಿವೆ. ಇದನ್ನು ಎಲ್ಲರೂ ಮರೆಯುತ್ತಾರೆ, ನಂತರ ಕೆಂಪು ಬಣ್ಣ ಇಟ್ಟಿಗೆಯಾಯಿತು ಎಂದು ಪ್ರಿಂಟರ್ ಕಂಪನಿಯವರ ಮೇಲೆ ಜಗಳ ಮಾಡುತ್ತಾರೆ. ಕೋರೆಲ್‌ಡ್ರಾ ಲೈಸೆನ್ಸನ್ನು ಅಳಿಸುವ ಮೊದಲು ಆ ಯಂತ್ರದಿಂದ ಬಿಡಿಸಿಕೊಳ್ಳಿ, ನಿಮ್ಮವರ ವರ್ಕ್‌ಸ್ಪೇಸ್ ಅನ್ನೂ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಎರಡು ವರ್ಷ ತನಗೆ ಬೇಕಾದಂತೆ ಜೋಡಿಸಿಕೊಂಡ ಬಟನ್‌ಗಳು ಹೋದರೆ ಡಿಸೈನರ್ ಮಾಡುವ ಮುಖ ನೋಡಲಾಗದು.

ಕೊನೆಯದಾಗಿ, 24ಎಚ್2 ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ ಡಿಸ್ಕ್ ಗೂಢಲಿಪಿಗೆ ತಾನಾಗಿ ತಿರುಗಬಹುದು. ಅದರ ರಿಕವರಿ ಕೀಯನ್ನು ಆ ಖಾತೆಯಲ್ಲಿ ನೋಡಿ ಕಾಗದದ ಮೇಲೂ ಬರೆದಿಟ್ಟುಕೊಳ್ಳಿ.

ನಿವೃತ್ತ ಮೇಷ್ಟ್ರು, ಮೈಸೂರು:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮನೆಯಲ್ಲಿ ನನ್ನದು ಒಂದೇ ಕಂಪ್ಯೂಟರ್. ಅದನ್ನೂ ಅಂಗಡಿಯವರೇ ತಯಾರು ಮಾಡಿ ಕೊಟ್ಟದ್ದು. ನನಗೂ ಈ ಅಪಾಯ ಇದೆಯೇ? ಅಪ್‌ಡೇಟ್ ಬಂದಿದೆ, ಒತ್ತಲೋ ಬೇಡವೋ ಎಂದು ಕುಳಿತಿದ್ದೇನೆ.

ಲ್ಯಾಬ್ ಮೇಲ್ವಿಚಾರಕ, ಹುಬ್ಬಳ್ಳಿ:

ಒತ್ತಿ ಸರ್. ಅದರ ಅವಳಿ ಯಂತ್ರ ನಿಮ್ಮ ಮನೆಯ ನೆಟ್‌ವರ್ಕಿನಲ್ಲಿ ಇಲ್ಲದಿರುವಾಗ ಜಗಳವಾಡಲು ಯಾರೂ ಇಲ್ಲ.

ಬೆಟಗೇರಿ ಪ್ರೆಸ್ಸಿನವಳು:

ಆದದ್ದನ್ನು ಬರೆಯುತ್ತೇನೆ, ಇದೇ ಗೋಳಿನಲ್ಲಿರುವ ಬೇರೆ ಪ್ರೆಸ್ಸಿನವರಿಗೆ ಬೇಕಾಗಬಹುದು. ಈ ಊರಲ್ಲಿ ಒಂದೇ ಕೈಯಿಂದ ಯಂತ್ರ ಕೊಂಡವರು ನಾವಷ್ಟೇ ಇರಲಾರೆವು.

ಲ್ಯಾಪ್‌ಟಾಪಿನ ಉಪಾಯ ತಕ್ಷಣ ನಡೆಯಿತು. ಶನಿವಾರ ರಾತ್ರಿ ಮೊದಲ ಡಿಸೈನ್ ಯಂತ್ರ ಅಳಿಸಿ ಹೊಸದಾಗಿ ಹಾಕಿದೆವು. ಆಕ್ಟಿವೇಶನ್ ತಾನಾಗಿ ಆಯಿತು, ಅಷ್ಟರ ಮಟ್ಟಿಗೆ ಮಾರಾಟಗಾರರು ನೆಟ್ಟಗಿದ್ದಾರೆ. ಮತ್ತೆ ಹೂ-ಆಮ್-ಐ ಓಡಿಸಿದರೆ ಮೂರೂ ಸಂಖ್ಯೆಗಳು ಬೇರೆ. "ಮುಖ್ಯ"ದ ಫೋಲ್ಡರ್ ಒತ್ತಿದೆ, ಒಮ್ಮೆ ಹೆಸರು ಪಾಸ್‌ವರ್ಡ್ ಕೇಳಿತು, ಕೊಟ್ಟೆ, ತೆರೆಯಿತು. ಲೇಸರ್ ಪ್ರಿಂಟರ್ ಕೂಡ ಬಂತು. 6167 ಹೊಸದಾಗಿ ಬಿದ್ದಿಲ್ಲ.

ಒಂದು ವಿಷಯ ಇಲ್ಲಿ ಯಾರೂ ಹೇಳಿರಲಿಲ್ಲ. ಡಿ ಡ್ರೈವನ್ನು ಅಳಿಸದೆ ಹಾಗೆಯೇ ಬಿಟ್ಟಿದ್ದೆವು. ಹೊಸ ವಿಂಡೋಸ್‌ನಲ್ಲಿ ಅದರ ಕೆಲವು ಫೋಲ್ಡರ್‌ಗಳು ಅನುಮತಿ ಇಲ್ಲ ಎಂದವು. ಸೆಕ್ಯುರಿಟಿ ಪುಟ ತೆರೆದು ನೋಡಿದರೆ ಒಡೆಯನ ಹೆಸರಿನ ಜಾಗದಲ್ಲಿ ಆ ಹಳೆಯ ಎಸ್-1-5-21 ಸಂಖ್ಯೆ ಕುಳಿತಿತ್ತು. ಫೋಲ್ಡರ್ ತೆರೆಯುವಾಗ ಬರುವ "ಮುಂದುವರಿಸಿ" ಒತ್ತಿದರೆ ಕೆಲವು ತೆರೆದವು, ಉಳಿದವುಗಳಿಗೆ ಅಡ್ವಾನ್ಸ್‌ಡ್ ಪುಟದಲ್ಲಿ ಒಡೆತನ ಬದಲಾಯಿಸಬೇಕಾಯಿತು. ದೊಡ್ಡ ಫೋಲ್ಡರಿಗೆ ಹೊತ್ತು ಹಿಡಿಯುತ್ತದೆ, ಮಧ್ಯದಲ್ಲಿ ನಿಲ್ಲಿಸಬೇಡಿ.

ಬಳಕೆದಾರರ ಫೋಲ್ಡರಿನ ಒಳಗಿದ್ದ ಫಾಂಟ್‌ಗಳ ಬಗ್ಗೆ ಸಾಗರದವರು ಹೇಳದೇ ಹೋಗಿದ್ದರೆ ನಲವತ್ತಕ್ಕೂ ಹೆಚ್ಚು ಫಾಂಟ್‌ಗಳು ಸಿ ಡ್ರೈವಿನ ಜೊತೆಗೇ ಹೋಗುತ್ತಿದ್ದವು. ಮಠದ ಪಂಚಾಂಗದ ಫಾಂಟ್ ಅದರಲ್ಲೇ ಇತ್ತು.

ಎರಡನೆಯ ಡಿಸೈನ್ ಯಂತ್ರವೂ ಮುಗಿದಿದೆ. ಡಿಜಿಟಲ್ ಪ್ರಿಂಟರ್ ಪಕ್ಕದ್ದು ಬಾಕಿ. ಅದರ ಐಸಿಸಿ ಪ್ರೊಫೈಲ್‌ಗಳನ್ನು ಎತ್ತಿಟ್ಟಿದ್ದೇನೆ, ಡ್ರೈವರ್ ಕೊಡಲು ಕಂಪನಿಯ ಇಂಜಿನಿಯರ್ ಗುರುವಾರ ಬರುತ್ತೇನೆಂದಿದ್ದಾರೆ. ಅಲ್ಲಿಯ ತನಕ ಆ ಯಂತ್ರಕ್ಕೆ ಬೇಕಾದ ಕೆಲಸಗಳಿಗಾಗಿ ಮಾತ್ರ ಲ್ಯಾಪ್‌ಟಾಪ್ ಹಂಚಿಕೆ ಇರುತ್ತದೆ.

ಸಾಗರದ ಸರ್ವಿಸಿನವ:

ಇಂಜಿನಿಯರ್ ಬಂದಾಗ ಪ್ರಿಂಟರಿನ ಸ್ಕ್ಯಾನ್-ಟು-ಫೋಲ್ಡರ್ ಇದ್ದರೆ ಅದನ್ನೂ ಅವರ ಎದುರೇ ಪರೀಕ್ಷಿಸಿಕೊಳ್ಳಿ. ಅದರಲ್ಲಿ ಹಳೆಯ ಪಾಸ್‌ವರ್ಡ್ ಉಳಿದಿರುತ್ತದೆ, ನೀವು ನಡುವೆ ಪಾಸ್‌ವರ್ಡ್ ಬದಲಾಯಿಸಿದ್ದೀರಿ.